ಅರ್ಥವಾಯಿತೇ ಎಂದು ಕೇಳಬೇಡ

ಮೊಖೊಟ್ಲೊಂಗ್ ಆಸ್ಪತ್ರೆ. ಜುಲೈ. ಹೊರಗೆ ಹಿಮ.
ಕಣಿವೆಯ ರಸ್ತೆ ಮುಚ್ಚಿ ಇಂದಿಗೆ ಎರಡು ದಿನ.
ಡಾಕ್ಟರು ಬೆಟ್ಟದ ಆಚೆ ಬದಿ, ಫೋನಿನಲ್ಲಿ,
ಅದೂ ಗಾಳಿ ಒಪ್ಪಿದಾಗ.
ಇಪ್ಪತ್ತಾರು ಹಾಸಿಗೆಗೆ ನಾನು, ಮತ್ತು ನೀನು, ನ್ಥಾಬೆಲೆಂಗ್,
ಓದು ಮುಗಿಸಿ ಮೊನ್ನೆಯಷ್ಟೇ ಬಂದವಳು,
ತೋಳಿನ ಮೇಲೆ ಇಸ್ತ್ರಿಯ ಗೆರೆ ಇನ್ನೂ ಮಾಸಿಲ್ಲ.

ಕೇಳು. ಮೂರು ಕಡೆಯಿಂದ ಒಟ್ಟಿಗೇ ಕರೆ ಬಂದರೆ
ಜೋರಾಗಿ ಕೂಗುವವನ ಬಳಿಗೆ ಮೊದಲು ಓಡಬೇಡ.
ಕೂಗಲು ಅವನಿಗೆ ಉಸಿರಿದೆ.

ಒಂಬತ್ತನೇ ಹಾಸಿಗೆ: ಲೆಬುಸಾ, ತೊಡೆ ಮುರಿದ ಕುರಿಗಾಹಿ.
ಎರಡು ಗಂಟೆಗೆ ಮಾರ್ಫಿನ್ ಎಂದು ಚೀಟಿಯಲ್ಲಿತ್ತು,
ಸಹಿಯೂ ಇತ್ತು. ನೀನು ಸಿರಿಂಜು ತುಂಬಿ ತಂದೆ.
ನಾನು ನಿನ್ನ ಮೊಣಕೈ ಹಿಡಿದೆ. ಎಣಿಸು, ಅಂದೆ.
ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ
ಅವನ ಎದೆ ಎದ್ದದ್ದು ಎಂಟೇ ಸಲ.
ಆ ಚೀಟಿ ಬರೆದದ್ದು ಸಂಜೆಯ ಲೆಬುಸಾನಿಗೆ,
ಹಲ್ಲು ಕಚ್ಚಿ ಒದ್ದಾಡುತ್ತಿದ್ದವನಿಗೆ.
ಇವನು ಬೇರೆ.
ಕೊಡದೆ ಇರುವುದೂ ಕೆಲಸವೇ,
ಅದನ್ನೂ ವೇಳೆ ಹಾಕಿ ಬರೆ.
ಎಬ್ಬಿಸು, ತಲೆಯ ಕಡೆ ಎತ್ತರಿಸು, ಆಕ್ಸಿಜನ್ ತೆರೆ, ಫೋನು ಹಚ್ಚು,
ನಾಲೊಕ್ಸೋನ್ ಸೀಸೆ ಕೈಗೆಟುಕುವಲ್ಲಿಡು,
ಅಲ್ಲಿಂದ ಕದಲಬೇಡ.
ಎಬ್ಬಿಸಿದ್ದಕ್ಕೆ ಅವನು ನಿನ್ನ ಅಜ್ಜಿಯವರೆಗೂ ಬೈದನಲ್ಲ,
ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ.

ನ್ತಾತೆ ಸೆಖೊನ್ಯಾನಾ ನಾಳೆ ಮನೆಗೆ.
ಎಪ್ಪತ್ತು ದಾಟಿದ ಕುದುರೆಯಾಳು, ಸಕ್ಕರೆ ಕಾಯಿಲೆ.
ಬೂಟಿನೊಳಗಿನ ಮೊಳೆ ಮೂರು ದಿನ ಚುಚ್ಚಿದರೂ
ಗೊತ್ತೇ ಆಗದೆ ಒಂದು ಬೆರಳು ಕಳೆದುಕೊಂಡವರು.
ನೀನು ಹಾಳೆ ಹಿಡಿದು ಓದಿದೆ: ನರ, ರಕ್ತಸಂಚಾರ, ಸೋಂಕು.
ಅವರು ಹೂಂಗುಟ್ಟುತ್ತಲೇ ಇದ್ದರು,
ಕಂಬಳಿಯ ಅಂಚಿನ ಪಟ್ಟೆ ಎಣಿಸುತ್ತ.

ನಾನು ಕೇಳಿದ್ದು ಇಷ್ಟೇ:
ಸಂಜೆ ಜೀನು ಬಿಚ್ಚಿದ ಮೇಲೆ ಏನು ಮಾಡುತ್ತೀರಿ?
ಮುಖ ಅರಳಿತು. ಗೊರಸು ಎತ್ತಿ ನೋಡುತ್ತೇನೆ, ನಾಲ್ಕನ್ನೂ.
ಕಲ್ಲು ಸಿಕ್ಕಿದೆಯೋ, ಬಿರುಕು ಬಿಟ್ಟಿದೆಯೋ, ವಾಸನೆಯೋ.
ಕುದುರೆ ಬಾಯಿಬಿಟ್ಟು ಹೇಳುತ್ತದೆಯೇ, ಮಗಳೇ?
ಅಷ್ಟು ಹೇಳಿದವರು ಸುಮ್ಮನಾದರು.
ಬಗ್ಗಿ ತಮ್ಮ ಪಾದ ನೋಡಿದರು,
ಯಾರದೋ ಪ್ರಾಣಿ ತಮ್ಮ ಲಾಯಕ್ಕೆ ಬಂದು ನಿಂತಹಾಗೆ.
ಇನ್ನು ಮೇಲೆ ಆರು ಗೊರಸು, ಅಂದರು.

ನನಗಿದು ಹುಟ್ಟಿನಿಂದ ಬಂದದ್ದಲ್ಲ.
ಹನ್ನೊಂದು ವರ್ಷದ ಹಿಂದೆ ಒಂದು ಭೇದಿಯ ಕೂಸು,
ತಾಯಿಗೆ ಹದಿನೇಳು.
ಓಆರ್‌ಎಸ್ ಪೊಟ್ಟಣ ಕೊಟ್ಟೆ, ಲೀಟರಿಗೆ ಒಂದು, ಅಂದೆ.
ಅರ್ಥವಾಯಿತೇ? ಅಂದೆ.
ಹೌದು, ಮ್ಮೆ, ಅಂದಳು.
ಸಾಲು ಬಾಗಿಲಾಚೆಗೂ ಇತ್ತು.
ಅವರ ಮನೆಯಲ್ಲಿ ಲೀಟರ್ ಎಂಬುದೇ ಇರಲಿಲ್ಲ,
ಕಿವಿ ಮುರಿದ ತಗಡಿನ ಲೋಟ ಒಂದಿತ್ತು.
ಇಡೀ ಪೊಟ್ಟಣ ಅದಕ್ಕೇ.
ಹೇಳಿದಹಾಗೆ, ತಪ್ಪದೆ, ರಾತ್ರಿಯಿಡೀ ಕುಡಿಸಿದ್ದಾಳೆ.
ಕೂಸಿನ ಹೆಸರು ನಿನಗೆ ಹೇಳುವುದಿಲ್ಲ.

ಅದಕ್ಕೇ ಆ ಪ್ರಶ್ನೆ ನನ್ನ ಬಾಯಲ್ಲಿ ಬರುವುದಿಲ್ಲ.
ಬಿಳಿ ಬಟ್ಟೆಯವರು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ.
ನಿನ್ನತ್ತೆಗೆ ಹೇಗೆ ಹೇಳುತ್ತೀ, ತೋರಿಸು, ಅನ್ನು,
ನಾನೇ ಅತ್ತೆ ಅಂದುಕೋ, ಅನ್ನು. ನಗುತ್ತಾರೆ, ನಗಲಿ.
ಮನೆಯ ಪಾತ್ರೆಯನ್ನೇ ತರಿಸು, ಮೊಳೆಯಿಂದ ಗೆರೆ ಕೊರೆ.
ಅವರು ತಪ್ಪು ಹೇಳಿದರೆ
ಎಡವಿದ್ದು ನಿನ್ನ ಮಾತು, ಅವರ ಕಿವಿಯಲ್ಲ.

ನಾಲ್ಕೂವರೆ. ಲೆಬುಸಾನ ಉಸಿರು ಹದಿನಾಲ್ಕು.
ಒಲೆಯ ಮೇಲೆ ಚಹಾ ಇದೆ, ತಣ್ಣಗಾಗಿರಬೇಕು.
ಈಗ ನೀನು ಹೇಳು, ನ್ಥಾಬೆಲೆಂಗ್,
ಈ ರಾತ್ರಿ ನಾನು ನಿನಗೆ ಏನು ಹೇಳಿದೆ?
ನಿನ್ನ ಮಾತಿನಲ್ಲಿ, ಪುಸ್ತಕದ್ದು ಬೇಡ...

ಇರು.
ಆ ಮೂಲೆಯ ಹಾಸಿಗೆ.
ಇಷ್ಟು ಹೊತ್ತೂ ಕೆಮ್ಮುತ್ತಿದ್ದಳು.